ಸಿದ್ದಮ್ಮನನ್ನು ಒಳಕ್ಕೆ ತಳ್ಳಿದವನು ನಾನು

ರತ್ನಮ್ಮ, ಆ ತಪ್ಪು ನಿಮ್ಮದಲ್ಲ, ನನ್ನದು. ಅಂದೇ ನನಗದು ಗೊತ್ತಿತ್ತು — ಗೊತ್ತಿದ್ದೂ ಸುಮ್ಮನಿದ್ದೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ನಂಜನಗೂಡಿನ ಆ ಪುಟ್ಟ ಕಂಪ್ಯೂಟರ್ ಸೆಂಟರಿನಲ್ಲಿ ನರಸೀಪುರ ಕಡೆಯ ಹಳ್ಳಿಗಳ ಕುಟುಂಬ ಪಟ್ಟಿ ಟೈಪು ಮಾಡುತ್ತಿದ್ದೆವು. ಪ್ರತಿ ಹೆಸರಿಗೂ ಹಿಂದೊಂದು ಮುಂದೊಂದು ಕೊಕ್ಕೆಯಂಥ ಗುರುತು ಹಾಕಬೇಕು; ಒಂದು ಮರೆತರೂ ಕಂಪ್ಯೂಟರು ಇಡೀ ಊರನ್ನೇ ತಿರಸ್ಕರಿಸುತ್ತಿತ್ತು. ನೀವು ಬದನವಾಳಿನಿಂದ ಕೆಲಸಕ್ಕೆ ಬಂದು ವಾರವಾಗಿರಲಿಲ್ಲ, ಆ ಕೊಕ್ಕೆಗಳನ್ನೆಲ್ಲ ಕಿತ್ತೆಸೆದಿರಿ. ಮನೆಯ ಯಜಮಾನರ ಹೆಸರು ಎಡ ಅಂಚಿಗೆ, ಮನೆಯವರದು ಅದರ ಕೆಳಗೆ, ನಾಲ್ಕು ಅಕ್ಷರದಷ್ಟು ಒಳಕ್ಕೆ.

"ಒಂದೊಂದ್ ಒಲೆನೂ ಅಂಚಿಂದ ಶುರು ಆಗ್ಲಿ ಸಾ. ಯಾರ್ ಓದುದ್ರೂ ತಿಳೀತದೆ," ಅಂದಿರಿ.

ಕೊಕ್ಕೆಗಳನ್ನು ಆಮೇಲೆ ತಾನೇ ಹಾಕುವ ಪ್ರೋಗ್ರಾಮನ್ನು ನಾನು ಬರೆದೆ. ಬರೆದು — ನನ್ನ ಅತಿಬುದ್ಧಿಯನ್ನೂ ಅದರೊಳಗೆ ತುರುಕಿದೆ. ಅಂಚಿನಲ್ಲಿ ಹೆಂಗಸಿನ ಹೆಸರು ಬಂದರೆ ಅದು ಟೈಪಿಂಗ್ ತಪ್ಪೇ ಇರಬೇಕೆಂದು, ಅವಳನ್ನು ಪಟ್ಟಿಯಲ್ಲಿ ಅವಳಿಗಿಂತ ಮೇಲಿದ್ದ ಮನೆಯೊಳಕ್ಕೆ ಸೇರಿಸುವಂತೆ ಮಾಡಿದೆ. ನಿಮಗೆ ಹೇಳಲಿಲ್ಲ. ಹೇಳಬೇಕಾದ ವಿಷಯ ಅಂತ ಕೂಡ ಅನಿಸಲಿಲ್ಲ.

ಮುಡುಕುತೊರೆ ಕಡೆಯ ಸಿದ್ದಮ್ಮ ಎರಡು ಬಸ್ಸು ಹಿಡಿದು ಬಂದಳು. ಗಂಡ ಸತ್ತ ಮೇಲೆ ಮೈದುನನಿಂದ ಬೇರೆಯಾದವಳು. ನಿವೇಶನ ಸಿಗುವವರ ಪಟ್ಟಿಯಲ್ಲಿ ಅವಳ ಹೆಸರಿಲ್ಲ. ಮೈದುನನ ಮನೆಯವಳೆಂದು ಬಿಟ್ಟಿದ್ದರು.

"ಅವ್ನ್ ಮನೇಲಿ ನಾನೆಲ್ಲಿವ್ನಿ ಸಾ? ಮೂರೊರ್ಸದಿಂದ ನಂದೇ ಬ್ಯಾರೆ ಒಲೆ ಕಣ್ಸಾ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಯಾರೂ ಕೇಳುವ ಮೊದಲೇ ಡ್ರಾಯರ್ ಎಳೆದೆ. ತಾಳೆ ನೋಡಲೆಂದು ನೀವು ಮುದ್ರಿಸಿ ಕೊಟ್ಟಿದ್ದ ಹಾಳೆ ಅಲ್ಲೇ ಇತ್ತು. ಸಿದ್ದಮ್ಮ — ಎಡ ಅಂಚಿಗೆ. ಕೆಳಗೆ, ಒಳಕ್ಕೆ, ಅವಳ ಮಗಳು. ಕೊಕ್ಕೆಗಳ ಕಾಗದವಾಗಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಇದನ್ನು ಯಾರು ಬೇಕಾದರೂ ಓದಬಹುದಿತ್ತು. ಅದಕ್ಕೇ ಹೆದರಿ ಮಡಚಿ ಜೇಬಿಗಿಟ್ಟೆ.

ಸೆಂಟರಿನ ಮಾಲೀಕರು ಇದು ಯಾರ ತಪ್ಪೆಂದು ಕೇಳಿದಾಗ ನನ್ನ ಬಾಯಿಂದ ಬಂದದ್ದು — ಇವತ್ತಿಗೂ ನನಗೇ ನಂಬಿಕೆಯಾಗುವುದಿಲ್ಲ — "ರತ್ನಮ್ಮ ಟೈಪ್ ಮಾಡಿದ್ದು ಸಾರ್."

ನೀವು ನನ್ನನ್ನೇ ನೋಡಿದಿರಿ. ಮರುದಿನದಿಂದ ನಿಮ್ಮ ಕುರ್ಚಿ ಖಾಲಿ. ಸಿದ್ದಮ್ಮನ ನಿವೇಶನ ಬೇರೆಯವರ ಪಾಲಾಯಿತು. ನಾನು ಎಂದಿನಂತೆ ಬುತ್ತಿ ಬಿಚ್ಚಿ ಊಟ ಮಾಡಿದೆ — ಹೇಗೆ ಮಾಡಿದೆನೋ!

ಇಷ್ಟು ವರ್ಷ ನನ್ನಲ್ಲೇ ಇದ್ದ ಆ ಹಾಳೆಯ ನಕಲನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಹಳೆಯ ಮಾಲೀಕರಿಗೂ ಒಂದು ಕೊಟ್ಟು, ತಪ್ಪು ಯಾರದೆಂದು ಹೇಳಿ ಬಂದೆ. ಮೂಲ ಹಾಳೆಯನ್ನು ಭಾನುವಾರ ಸಿದ್ದಮ್ಮನ ಊರಿಗೆ ಒಯ್ಯುತ್ತೇನೆ. ಅವಳಿದ್ದಾಳೋ ಇಲ್ಲವೋ... ಮಗಳಾದರೂ ಇದ್ದಾಳು. ನೀವು ಟೈಪು ಮಾಡಿದ ರೀತಿಗೆ, ಅವಳಿಗೆ ನಾನು ಓದಿ ಹೇಳಬೇಕಾಗಿಲ್ಲ.