ಹಗಲು ಯಾರೂ ಇಲ್ಲದ ಮನೆ

ಎಜ್‌ವೇರ್‌ನ ನಮ್ಮ ಮನೆಯನ್ನು ಬೆಚ್ಚಗಿಡುತ್ತಿದ್ದ ಹಳೆಯ ಗ್ಯಾಸ್ ಬಾಯ್ಲರ್ ಆ ವರ್ಷ ಚಳಿ ಶುರುವಾಗುವ ಮೊದಲೇ ನಿಂತುಹೋಯಿತು. ಹೊಸದು ಯಾವುದೆಂದು ಆರಿಸಬೇಕಿತ್ತು. ನನ್ನ ಮನಸ್ಸಿದ್ದದ್ದು ಕರೆಂಟಿನಿಂದ ಮನೆ ಕಾಯಿಸುವ ಹೀಟ್ ಪಂಪಿನ ಮೇಲೆ. ಸ್ಟ್ಯಾನ್ಮೋರ್‌ನ ಗೆಳತಿಯ ಮನೆಯಲ್ಲಿ ಅದನ್ನು ಹಾಕಿಸಿದ್ದರು; ಅಲ್ಲಿ ಮಧ್ಯಾಹ್ನ ಕೂತು ಮೆಂತ್ಯ ಸೊಪ್ಪು ಬಿಡಿಸಿದರೆ ಚಳಿಗೆ ಬೆರಳ ತುದಿ ನೋಯುತ್ತಿರಲಿಲ್ಲ. ನಮ್ಮಲ್ಲಿ ಗಂಡ, ಮಗಳು ಹೊರಟೊಡನೆ ಹೀಟಿಂಗ್ ಆರುತ್ತಿತ್ತು. ಹಗಲಿನಲ್ಲೂ ಬೆಚ್ಚಗಿರುವ ಮನೆ, ನನಗೆ ಬೇಕಿದ್ದದ್ದು ಅಷ್ಟೇ.

ಮನೆ ನೋಡಲು ಬಂದ ಎಂಜಿನಿಯರ್ ಬಾಗಿಲಲ್ಲೇ ಶೂಗಳ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ಏರಿಸಿಕೊಂಡ. ಕೋಣೆ ಕಾಯಿಸುವ ಗೋಡೆಯ ರೇಡಿಯೇಟರುಗಳನ್ನೆಲ್ಲ ನೋಡಿ ಮುಗಿಸಿ ಹೇಳಿದ: "ದಿನವಿಡೀ ಜನ ಇರುವ ಮನೆಗೆ ಹೀಟ್ ಪಂಪ್ ಒಳ್ಳೆಯದು, ಹದವಾಗಿ ಕಾಯುತ್ತಲೇ ಇರುತ್ತದೆ. ಬೆಳಿಗ್ಗೆ, ಸಂಜೆ ಸಾಕೆಂದರೆ ಗ್ಯಾಸ್ ಬಾಯ್ಲರೇ ಸಾಕು. ಹಗಲು ಯಾರಿರುತ್ತಾರೆ?"

"ಯಾರೂ ಇರುವುದಿಲ್ಲ," ಎಂದರು ನನ್ನ ಗಂಡ.

ನಾನು ಚಹಾದ ಟ್ರೇ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಅವರು ಸುಳ್ಳು ಹೇಳುತ್ತಿರಲಿಲ್ಲ, ಹಾಗೆಂದೇ ನಂಬಿದ್ದರು. ಎಂಜಿನಿಯರ್ ನನ್ನತ್ತ ನೋಡಿ ಒಂದು ಕ್ಷಣ ಕಾದ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಇಂಗ್ಲಿಷ್ ನನ್ನಲ್ಲಿತ್ತು. ಇಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕಬಾರದೆಂದೂ ಅವರೇ ಕಲಿಸಿದ್ದರು. ಸಕ್ಕರೆ ಎಷ್ಟು ಹಾಕಲಿ ಎಂದು ಕೇಳಿದೆ.

ಅವನು ಹೋದ ಮೇಲೆ ಅಂದೆ, "ಯಾರೂ ಇರೂದಿಲ್ಲ ಅಂದ್ರಲ್ಲರೀ, ನಾ ಎಲ್ಲಿ ಹೋಗ್ತೀನಿ?"

"ಅಯ್ಯ, ನಿನ್ನ ಬಿಟ್ಟು ಅಂದೆ. ನೀ ಒಬ್ಬಾಕಿ ಸಲುವಾಗಿ ಇಡೀ ಮನಿ ಕಾಸೂದೇನು? ಹೆಂಗೂ ಒಲಿ ಮುಂದನ ಇರ್ತಿ."

"ನಿಮ್ಮ ಕೋಟಿಗೆ ಒಗ್ಗರಣಿ ವಾಸನಿ ಹತ್ತಬಾರದಂತ ಅಡಗಿಮನಿ ಕಿಡಕಿ ತಗಸವ್ರು ಯಾರು?"

"ಮಮ್, ಜಸ್ಟ್ ವೇರ್ ಎ ಜಂಪರ್," ಎಂದಳು ಮಗಳು, ಫೋನಿನಿಂದ ತಲೆ ಎತ್ತದೆ. ಜಂಪರ್ ಎಂದರೆ ಇಲ್ಲಿನವರ ಮಾತಿನಲ್ಲಿ ಸ್ವೆಟರ್. ಅಪ್ಪ, ಮಗಳು ಇಬ್ಬರೂ ನಕ್ಕರು.

ಗ್ಯಾಸ್ ಬಾಯ್ಲರೇ ಬಂತು. ಅದನ್ನು ಹಚ್ಚುವುದು, ಆರಿಸುವುದು ಎಲ್ಲ ನನ್ನ ಗಂಡನ ಫೋನಿನ ಆ್ಯಪ್‌ನಿಂದ. ನನ್ನ ಫೋನಿಗೂ ಹಾಕಿಕೊಡಿ ಎಂದದ್ದಕ್ಕೆ, "ನೀ ಏನರೆ ಒತ್ತಿ ಕೆಡಸ್ತಿ," ಎಂದರು.

ಈಗ ಮಧ್ಯಾಹ್ನ ಕೋಟು ಹಾಕಿಕೊಂಡೇ ರೊಟ್ಟಿ ಬಡಿಯುತ್ತೇನೆ. ತೋಳಿನ ಅಂಚಿಗೆ ಮೆತ್ತಿದ ಹಿಟ್ಟು ಅಲ್ಲೇ ಒಣಗುತ್ತದೆ. ಕತ್ತಲಾಗುತ್ತಿದ್ದಂತೆ ಪೈಪುಗಳು ಟಿಕ್ ಟಿಕ್ ಎನ್ನತೊಡಗುತ್ತವೆ; ಅವರು ಆಫೀಸಿನಿಂದ ಹೊರಟು ಟ್ಯೂಬ್ ರೈಲು ಹತ್ತಿದ್ದಾರೆಂದು ಅರ್ಥ. ರೇಡಿಯೇಟರ್ ಕಾಯುತ್ತದೆ. ನಾನು ಕೋಟು ಬಿಚ್ಚಿ, ಹಿಟ್ಟು ಕೊಡವಿ ತೂಗುಹಾಕುತ್ತೇನೆ.

ಅವರು ಒಳಗೆ ಬಂದು ಕೈ ಉಜ್ಜಿಕೊಳ್ಳುತ್ತಾರೆ. "ಮನಿ ಎಷ್ಟು ಬೆಚ್ಚಗದ ನೋಡು! ಇದನ್ನ ತಗೊಂಡಿದ್ದು ಛಲೋ ಆತಲ್ಲ?"

ಹೂಂ, ಎನ್ನುತ್ತೇನೆ.