ಸ್ವತಂತ್ರ ಫೋನು ಮತ್ತು ಕಾಲುವೆಯ ದಾರಿ

ನನ್ನ ಫೋನು ಸ್ವತಂತ್ರವಾದದ್ದು. ಹೀಗೆಂದರೆ ಗಂಗಾವತಿಯ ಜನ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಹೈಸ್ಕೂಲಿನಲ್ಲಿ ಗಣಿತ ಹೇಳುವ ನಾನು ಎಲ್ಲಿ ನಿಂತೆ, ಏನು ಕೊಂಡೆ ಎಂಬುದು ದೂರದ ಯಾವುದೋ ಕಂಪನಿಗೆ ಯಾಕೆ ಬೇಕು? ಫೋನಿನ ಜೊತೆ ಬಂದ ಆಪರೇಟಿಂಗ್ ಸಿಸ್ಟಂ ಅಳಿಸಿ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ, ಯಾರ ಖಾತೆಯನ್ನೂ ಕೇಳದ ಇನ್ನೊಂದನ್ನು ಹಾಕಿಕೊಂಡೆ. ಊರೆಲ್ಲ ಮೆಸೇಜು ಕಳಿಸುವ ಆ್ಯಪನ್ನೂ ಕೈಬಿಟ್ಟೆ. ಮದುವೆಯ ಆಮಂತ್ರಣಗಳು ನಿಂತವು. ಅದನ್ನು ಲಾಭವೆಂದೇ ತಿಳಿದೆ.

ಹೆಂಡತಿ ರೇಣುಕಾ ಹೆರಿಗೆಗೆಂದು ಹತ್ತಿರದ ಮರಳಿ ಗ್ರಾಮದ ತವರಿಗೆ ಹೋಗಿದ್ದಳು. ಒಂದು ಸಂಜೆ ಅವಳ ತಮ್ಮ ವೀರೇಶ ಫೋನು ಮಾಡಿದ. ದಿನ ತುಂಬುವ ಮೊದಲೇ ನೋವು ಶುರುವಾಗಿತ್ತು. ದೊಡ್ಡ ರಸ್ತೆಯಲ್ಲಿ ಭತ್ತದ ಲಾರಿಗಳು ಸಾಲುಗಟ್ಟಿದ್ದರಿಂದ ಕಾಲುವೆಯ ದಂಡೆ ಹಿಡಿದು ಹೊರಟವರ ಕಾರು ಕೆಸರಿನಲ್ಲಿ ಹೂತಿತ್ತು.

"ಮಾಮಾ, ಆಂಬುಲೆನ್ಸ್ ಬರಾಕ ತಡ ಆಗತೈತಂತ. ನೀವ ಗಾಡಿ ತಗೊಂಡು ಬರ್ರಿ. ಲೊಕೇಶನ್ ಹಾಕೇನಿ. ನನ್ನ ಫೋನಿನ ಚಾರ್ಜ್ ಮುಗಿಯಾಕ ಬಂದೈತಿ," ಎಂದವನೇ ಇಟ್ಟುಬಿಟ್ಟ.

ಅವನು ಹಾಕಿದ್ದು ನಾನು ಎಂದೋ ಅಳಿಸಿದ್ದ ಆ್ಯಪಿಗೆ. ತಿರುಗಿ ಹಚ್ಚಿದರೆ ಸ್ವಿಚ್ ಆಫ್. ರೇಣುಕಾಳ ಫೋನನ್ನು ಯಾರೂ ಎತ್ತಲಿಲ್ಲ; ಅವಸರದಲ್ಲಿ ಅದನ್ನು ಮನೆಯಲ್ಲೇ ಬಿಟ್ಟಿದ್ದಳು. ಯಾರೂ ನನ್ನನ್ನು ಹಿಂಬಾಲಿಸಬಾರದೆಂದು ಹಾಕಿಕೊಂಡ ಚಿಲಕ, ನನ್ನವರು ಬಂದು ತಟ್ಟಿದಾಗಲೂ ತೆರೆದುಕೊಳ್ಳಲಿಲ್ಲ.

ಪಕ್ಕದ ಮನೆಯ ಮೌಲಾಸಾಬರು ಏನೂ ಕೇಳದೆ ತಮ್ಮ ಕಾರು ಹೊರಡಿಸಿದರು. ಊರು ದಾಟುವಷ್ಟರಲ್ಲಿ, ರೇಣುಕಾಳ ಜೊತೆಗಿದ್ದ ಅತ್ತೆಯ ಗುಂಡಿ ಒತ್ತುವ ಫೋನಿನಿಂದ ಕರೆ ಬಂತು. ವೀರೇಶ ಟ್ರ್ಯಾಕ್ಟರ್ ಹುಡುಕಿಕೊಂಡು ನಡೆದುಹೋಗಿದ್ದನಂತೆ.

"ಅತ್ತಿ, ಎಲ್ಲಿ ಅದೀರಿ?"

"ಎಡಕ ಕಾಲುವಿ ಐತಿ, ಬಲಕ ಭತ್ತ ಐತಿ, ಮಾಸ್ತರ್ರ."

ನಮ್ಮ ತಾಲ್ಲೂಕಿನ ಅರ್ಧಭಾಗಕ್ಕೆ ಅದೇ ವಿಳಾಸ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅವರ ಮಾತಿನ ಹಿಂದೆ ರೇಣುಕಾ ನರಳುವುದು ಕೇಳುತ್ತಿತ್ತು.

ಕಾಲುವೆ ಕವಲೊಡೆದಲ್ಲಿ ಮೌಲಾಸಾಬರು ಕಾರು ನಿಲ್ಲಿಸಿದರು. "ಯಾವ ಕಡೆ ಹೋಗೂನ್ರಿ?"

ತಪ್ಪು ದಂಡೆ ಹಿಡಿದರೆ ಗಾಡಿ ತಿರುಗಿಸಲೂ ಜಾಗವಿಲ್ಲ. "ಅತ್ತಿ, ಮುಂದ ಡ್ರೈವರ್ ಸೀಟಿನ್ಯಾಗ ಕುಂಡ್ರಿ. ಹಾರ್ನ್ ಹೊಡೀರಿ, ಬಿಡಬ್ಯಾಡ್ರಿ," ಎಂದೆ ಫೋನಿನಲ್ಲಿ.

ಮೌಲಾಸಾಬರು ಇಂಜಿನ್ ಬಂದ್ ಮಾಡಿ ಗಾಜು ಇಳಿಸಿದರು. ಫೋನಿನಲ್ಲಿ ಹಾರ್ನು ಹೊಡೆದುಕೊಳ್ಳುತ್ತಿತ್ತು. ಹೊರಗೆ ಬರೀ ನೀರಿನ ಸದ್ದು. ಕೆಳಗಿಳಿದು ಬಲಗಡೆಯ ದಂಡೆಯ ಮೇಲೆ ಓಡಿದೆ. ಏನೂ ಇಲ್ಲ. ವಾಪಸು ಬಂದು ಎಡಗಡೆ ಓಡಿದೆ. ಒಂದು ತಿರುವಿನಲ್ಲಿ, ಬೆಳೆಯ ಆಚೆಯಿಂದ, ಫೋನಿಲ್ಲದ ಕಿವಿಗೂ ಹಾರ್ನು ಕೇಳಿಸಿತು. ಅಷ್ಟು ಕರ್ಕಶವಾದ ಸದ್ದು ಅಷ್ಟು ಇಂಪಾಗಿ ನನಗೆಂದೂ ಕೇಳಿಸಿರಲಿಲ್ಲ.

ರೇಣುಕಾಳನ್ನು ಮೌಲಾಸಾಬರ ಕಾರಿಗೆ ಹತ್ತಿಸಿಕೊಂಡು ಆಸ್ಪತ್ರೆ ಮುಟ್ಟಿದ ಸ್ವಲ್ಪ ಹೊತ್ತಿಗೇ ಹೆಣ್ಣು ಮಗು ಹುಟ್ಟಿತು. ಕೆಸರು ಮೆತ್ತಿಕೊಂಡೇ ಬಂದ ವೀರೇಶ, "ಮಾಮಾ, ಆ ಫೋನ್ ಕಾಲುವಿಗೆ ಒಗೀರಿ," ಎಂದ.

ರೇಣುಕಾ ಕಣ್ಣು ಮುಚ್ಚಿಕೊಂಡೇ ಹೇಳಿದಳು: "ನಿಮಗ ಛಲೋ ಅನಿಸಿದ್ದ ಇಟ್ಟುಕೊಳ್ರಿ. ನಮ್ಮ ಮೆಸೇಜ್ ಅದರಾಗ ಬರೂವಂಗ ಅಷ್ಟ ಮಾಡ್ರಿ."

ಸಿಸ್ಟಂ ಮುಕ್ತವಾದದ್ದೇ ಉಳಿಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಬಿಟ್ಟಿದ್ದ ಆ್ಯಪನ್ನು ಅದರೊಳಕ್ಕೆ ಮತ್ತೆ ಹಾಕಿಕೊಂಡೆ. ನೂರೆಂಟು ಷರತ್ತು ಬಂದವು, ಓದದೆ ಒಪ್ಪಿದೆ. ಮೊದಲು ಬಂದದ್ದು ಪಕ್ಕದಲ್ಲೇ ಕೂತಿದ್ದ ವೀರೇಶ ಕಳಿಸಿದ ಮಗಳ ಫೋಟೋ. ಎರಡೂ ಮುಷ್ಟಿ ಬಿಗಿಹಿಡಿದು ಮಲಗಿದ್ದಳು. ಇನ್ನೂ ಯಾವ ಷರತ್ತಿಗೂ ಒಪ್ಪಿರದ ಜೀವ, ನಮ್ಮ ಮನೆಯಲ್ಲಿ ಸದ್ಯಕ್ಕೆ ಅವಳೊಬ್ಬಳೇ.