ಮಾವನ ಕುಂಟು ಸ್ಟೂಲುಗಳು

ನಮ್ಮ ಮಾವ ಮರದ ಚೂರೊಂದನ್ನೂ ಎಸೆದವರಲ್ಲ. ಬಾಗಿಲು ಕಿಟಕಿ ಮಾಡುವ ಕಾರ್ಖಾನೆಯಲ್ಲಿ ಅರ್ಧ ಆಯಸ್ಸು ಸವೆಸಿ ಹೊರಬಂದಾಗ ಅವರಿಗೆ ಸಿಕ್ಕಿದ್ದು ಒಂದು ಗೋಡೆ ಗಡಿಯಾರ ಮತ್ತು ಅಲ್ಲಿ ಉಳಿದುಬಿದ್ದ ತುಂಡುಗಳನ್ನು ಹೊತ್ತುಕೊಂಡು ಹೋಗುವ ಅನುಮತಿ. ಗಡಿಯಾರ ಎಂದೋ ನಿಂತುಹೋಯಿತು. ತುಂಡುಗಳು ಮಾತ್ರ ಬರುತ್ತಲೇ ಇದ್ದವು. ಮಂಚದ ಕೆಳಗೆ, ಮೆಟ್ಟಿಲ ಕೆಳಗೆ, ನನ್ನ ಬಟ್ಟೆಯ ಕಪಾಟಿನ ಮೇಲೆ. ಒಮ್ಮೆ ಹಿಟ್ಟಿನ ಡಬ್ಬಿಯ ಹಿಂದೆಯೂ ಒಂದು ಸಿಕ್ಕಿತು. ಬಾಯಿಗೆ ಬಂದದ್ದೆಲ್ಲ ಅಂದೆ. ಸಂಜೆಗೆ ಅದೇ ತುಂಡಿನಿಂದ ಸೌಟು ತೂಗುಹಾಕುವ ಪಟ್ಟಿ ಮಾಡಿ ತಂದು ನನ್ನ ಕೈಗಿಟ್ಟರು. ಇಂಥವರ ಜೊತೆ ಜಗಳವಾದರೂ ಆಡುವುದು ಹೇಗೆ?

ಹಿತ್ತಿಲ ಶೆಡ್ಡೇ ಅವರ ಕೆಲಸದ ಜಾಗ. ಬೀಗದ ಕೈ ನೇತುಹಾಕುವ ಹಲಗೆ, ಮೊಬೈಲ್ ಸ್ಟ್ಯಾಂಡು, ಫೋಟೋ ಚೌಕಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ನಾಲ್ಕು ಕಾಲಿನ ಗಿಡ್ಡ ಸ್ಟೂಲು. ಪಾತ್ರೆ ಅಂಗಡಿಯಾಕೆ ಅವನ್ನು ಇಟ್ಟುಕೊಂಡು ಮಾರಿಕೊಡುತ್ತಿದ್ದಳು. ನನ್ನ ಗಂಡನದು ಲಾರಿ ಕೆಲಸ, ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ನನ್ನದು ಇಸ್ತ್ರಿ ಅಂಗಡಿಯಲ್ಲಿ ದಿನವಿಡೀ ನಿಲ್ಲುವ ಕೆಲಸ. ಅತ್ತೆಯ ಮಾತ್ರೆಗಳು ಮಾವನ ಸ್ಟೂಲುಗಳಿಂದಲೇ ಬರಬೇಕು. ಹಾಗಾಗಿ ಮಾವ ಬೆಳಗ್ಗೆ ಎದ್ದು, ಸೊಂಟ ಹಿಡಿದುಕೊಂಡೇ ಶೆಡ್ಡಿಗೆ ಹೋಗುತ್ತಿದ್ದರು. ಸಾಕಾಯಿತು ಎಂದು ಅವರೂ ಅನ್ನಲಿಲ್ಲ, ಸಾಕು ಬಿಡಿ ಎಂದು ನಾವೂ ಅನ್ನಲಿಲ್ಲ.

ಶೆಡ್ಡಿನಲ್ಲೊಂದು ಕಲ್ಲಿನ ಚಪ್ಪಡಿ ಇದೆ. ಮಟ್ಟ ನೋಡಿ ನೋಡಿ ಅವರೇ ಹಾಸಿದ್ದು. ಅದರ ಒಂದು ಮೂಲೆಯಲ್ಲಿ ನೀರು ಚಿಮುಕಿಸಿ ದಿನಾ ಉಳಿ ಮಸೆಯುವುದು. ಸ್ಟೂಲು ಮುಗಿದ ಮೇಲೆ ಪರೀಕ್ಷೆಯೂ ಅದೇ ಚಪ್ಪಡಿಯ ಮೇಲೆ. ಸ್ಟೂಲನ್ನು ನಿಲ್ಲಿಸಿ ಒಂದು ಬೆರಳಿನಿಂದ ಒತ್ತುವುದು, ಅಲುಗಿದರೆ ಉದ್ದದ ಕಾಲನ್ನು ಕೂದಲೆಳೆಯಷ್ಟು ಉಜ್ಜುವುದು, ಮತ್ತೆ ಒತ್ತುವುದು. ಅಲುಗಾಟ ನಿಲ್ಲುವವರೆಗೆ ಆ ಸ್ಟೂಲು ಹೊಸ್ತಿಲು ದಾಟುವಂತಿಲ್ಲ.

ಈಚೆಗೆ ಸ್ಟೂಲುಗಳು ವಾಪಸ್ ಬರತೊಡಗಿದವು.

"ನಿಮ್ಮ ಮಾವನಿಗೆ ವಯಸ್ಸಾಯ್ತು ಕಣಮ್ಮ," ಎಂದಳು ಅಂಗಡಿಯಾಕೆ. "ಕೂತ್ರೆ ಕುಂಟುತ್ತೆ ಅಂತ ಜನ ತಂದು ಎಸೀತಾರೆ. ಇನ್ನೊಂದ್ಸಲ ಹೀಗಾದ್ರೆ ನಾನು ಇಟ್ಕೊಳ್ಳಲ್ಲ."

ಮಾವ ವಾಪಸ್ ಬಂದ ಸ್ಟೂಲನ್ನು ಚಪ್ಪಡಿಯ ಮೇಲಿಟ್ಟು ಒತ್ತಿದರು. ಅಲುಗಲಿಲ್ಲ. ಅವಳ ಅಂಗಡಿಯ ನೆಲವೇ ಸೊಟ್ಟ ಎಂದರು. ಇನ್ನೊಂದು ವಾಪಸ್ ಬಂದಾಗ, ಮರ ಹಸಿ ಇತ್ತೇನೋ ಎಂದರು. ಮತ್ತೂ ಒಂದು ಬಂದಾಗ ತಮ್ಮ ಬೆರಳನ್ನೇ ನೋಡಿಕೊಂಡರು.

"ಅಲುಗೋದು ನನ್ನ ಬೆರಳಿಗೆ ಗೊತ್ತಾಗ್ತಿಲ್ಲ ಕಣಮ್ಮ. ಕೈ ಹೋಯ್ತು."

ಮರುದಿನ ಅವರು ಶೆಡ್ಡಿನ ಬಾಗಿಲು ತೆಗೆಯಲಿಲ್ಲ. ಬಿಸಿಲು ಏರುವವರೆಗೆ ಮಲಗಿದರು, ಊಟ ಮಾಡಿ ಮತ್ತೆ ಮಲಗಿದರು. ಅದರ ಮರುದಿನವೂ ಅಷ್ಟೆ.

"ಇವ್ರು ಹೀಗೆ ಮಲಗೋರಲ್ಲ ಕಣೆ," ಅತ್ತೆ ಅಡುಗೆಮನೆಗೆ ಬಂದು ಪಿಸುಗುಟ್ಟಿದರು. "ಮನಸ್ಸಿಗೆ ಹಚ್ಕೊಂಡಿದಾರೆ. ಏನಾದ್ರೂ ಮಾಡು."

ಏನು ಮಾಡಲಿ, ನನ್ನ ತಲೆ? ರಜೆಯ ದಿನ ವಾಪಸ್ ಬಂದ ಕುಂಟು ಸ್ಟೂಲೊಂದರ ಮೇಲೆಯೇ ಕೂತು ಈರುಳ್ಳಿ ಹೆಚ್ಚುತ್ತಿದ್ದೆ. ಅದು ಕಟಕಟ ಅಂದು ಅಂದು ನನ್ನ ತಾಳ್ಮೆ ಕೆಟ್ಟಿತು. ಎತ್ತಿಕೊಂಡು ಹೋಗಿ ಚಪ್ಪಡಿಯ ಮೇಲೆ ಕುಕ್ಕಿ ಕೂತೆ. ಜಪ್ಪಯ್ಯ ಅಂದರೂ ಅಲುಗಲಿಲ್ಲ. ಅಡುಗೆಮನೆಗೆ ತಂದೆ, ಕುಂಟಿತು. ಪಡಸಾಲೆಯಲ್ಲೂ ಕುಂಟಿತು. ಶೆಡ್ಡಿನಲ್ಲಿ ಮಾತ್ರ ಗಟ್ಟಿ. ಒಂದು ಚೊಂಬು ನೀರು ತಂದು ಚಪ್ಪಡಿಯ ಮೇಲೆ ಸುರಿದೆ. ನೀರು ಹರಿದುಹೋಯಿತು, ಉಳಿ ಮಸೆಯುವ ಮೂಲೆಯಲ್ಲಿ ಮಾತ್ರ ನಿಂತಿತು. ಮಸೆದು ಮಸೆದು ಅಲ್ಲಿ ಕಲ್ಲು ತಗ್ಗಾಗಿತ್ತು. ಸ್ಟೂಲಿನ ಒಂದು ಕಾಲು ಪ್ರತಿ ಸಲವೂ ಆ ತಗ್ಗಿನಲ್ಲೇ ನಿಲ್ಲುತ್ತಿತ್ತು. ಮಾವ ತಮ್ಮ ತಗ್ಗಿಗೆ ಸರಿಯಾಗುವಂತೆ ಊರವರ ಸ್ಟೂಲುಗಳನ್ನು ಉಜ್ಜುತ್ತಿದ್ದರು.

ಓಡಿಹೋಗಿ ಅವರನ್ನು ಎಬ್ಬಿಸಿ ಕರೆತಂದೆ. ಅವರು ಕುಕ್ಕರಗಾಲಲ್ಲಿ ಕೂತು ನಿಂತ ನೀರಿನಲ್ಲಿ ಬೆರಳಿಟ್ಟರು. ಮರವನ್ನು ಅನುಮಾನಿಸಿದ್ದರು, ಅಂಗಡಿಯನ್ನು ಅನುಮಾನಿಸಿದ್ದರು, ತಮ್ಮ ಕೈಯನ್ನೂ ಬಿಟ್ಟಿರಲಿಲ್ಲ. ಆ ಕಲ್ಲಿನ ಮೇಲೆ ಮಾತ್ರ ಅವರಿಗೆ ಎಳ್ಳಷ್ಟೂ ಅನುಮಾನ ಬಂದಿರಲಿಲ್ಲ. ಈಗ ನಗುತ್ತಾರೆ ಅಂದುಕೊಂಡೆ.

"ಹಾಗಾದ್ರೆ ಕೈ ಸರಿಯಾಗೇ ಇದೆ," ಎಂದರು.

"ಸರಿಯಾಗೇ ಇದೆ ಮಾವ."

"ಹೂಂ." ಒದ್ದೆ ಬೆರಳನ್ನು ಪಂಚೆಗೆ ಒರೆಸಿಕೊಂಡರು. "ನಾಳೆಯಿಂದ ಮತ್ತೆ ಮಾಡ್ಬೇಕು ಅಂತಾಯ್ತು." ಗೋಡೆ ಹಿಡಿದು ನಿಧಾನಕ್ಕೆ ಎದ್ದರು. "ಕೈ ಹೋಯ್ತು ಅಂದ್ಕೊಂಡು ಈ ನಾಲ್ಕು ದಿನ ಎಷ್ಟು ಚೆನ್ನಾಗಿ ನಿದ್ದೆ ಬಂತು ಗೊತ್ತಾ."

ನಾವು ಅದನ್ನು ದುಃಖ ಅಂದುಕೊಂಡಿದ್ದೆವು. ಅವರು ಬರೀ ನಿದ್ದೆ ಮಾಡುತ್ತಿದ್ದರು. ಒಂದು ಚೊಂಬು ನೀರಿನಿಂದ ನಾನು ಅದಕ್ಕೂ ಕಲ್ಲು ಹಾಕಿದ್ದೆ.

ಮರುದಿನ ಅವರು ವಾಪಸ್ ಬಂದ ಸ್ಟೂಲುಗಳನ್ನೆಲ್ಲ ಅಡುಗೆಮನೆಯ ನೆಲದ ಮೇಲಿಟ್ಟು ಸರಿಮಾಡಿದರು. ಸಂಜೆ ನಾನು ಒಂದನ್ನು ಮನೆಗೆ ಉಳಿಸಿಕೊಂಡು, ಮಿಕ್ಕವನ್ನು ಪಾತ್ರೆ ಅಂಗಡಿಗೆ ಹೊತ್ತುಕೊಂಡು ಹೋದೆ. ಅಂಗಡಿಯಾಕೆ ಒಂದೊಂದನ್ನೂ ಒತ್ತಿ ನೋಡಿದಳು.

"ಇವು ಗಟ್ಟಿಯಾಗಿವೆ. ಇನ್ನೊಂದಷ್ಟು ಕಳಿಸೋಕೆ ಹೇಳಮ್ಮ."

"ಇನ್ನು ಬರಲ್ಲಕ್ಕ. ಇವೇ ಕೊನೆ."

"ಯಾಕೆ, ನಿಜವಾಗ್ಲೂ ಕೈ ಹೋಯ್ತಾ?"

"ಕೈ ಚೆನ್ನಾಗೇ ಇದೆ," ಎಂದೆ. "ಅವ್ರಿಗೆ ಸಾಕಾಗಿದೆ."

ಅಲ್ಲಿಂದ ನೇರವಾಗಿ ಇಸ್ತ್ರಿ ಅಂಗಡಿಗೆ ಹೋಗಿ, ಇನ್ನು ಸಂಜೆಯ ಬಟ್ಟೆಗಳಿಗೂ ನಾನೇ ಇಸ್ತ್ರಿ ಹಾಕುತ್ತೇನೆ ಎಂದು ಮಾಲೀಕನಿಗೆ ಹೇಳಿ ಬಂದೆ. ಮನೆಯಲ್ಲಿ ಮಾವ ನಿದ್ದೆಹೋಗಿದ್ದರು. ಕೋಣೆಯ ಬಾಗಿಲನ್ನು ಸದ್ದಾಗದಂತೆ ಮುಂದೆ ಮಾಡಿ, ಈಗ ಕುಂಟದ ನಮ್ಮ ಸ್ಟೂಲಿನ ಮೇಲೆ ಕೂತು ನನ್ನ ಕಾಲುಗಳನ್ನು ನೀವಿಕೊಂಡೆ.